ಮೂಳೆಬಿಳಿ

ಅವಿಯಾಜಾ ಜಲಸಂಧಿಯ ಮಂಜುಗಡ್ಡೆಯ ಫೋಟೋ ತೆಗೆದು ಊರವರ ಮುಖಕ್ಕೆ ಹಿಡಿಯಬೇಕು. ಇಲ್ಲದಿದ್ದರೆ ಅವಳ ತಮ್ಮ ಮಿತೆಕ್ ಶನಿವಾರ ವಾಲ್ರಸ್ ಬೇಟೆಗೆ ಆ ಗಡ್ಡೆಯ ಮೇಲಿನ ದಾರಿಯನ್ನೇ ಹಿಡಿಯುತ್ತಾನೆ. ಹೋದ ವಸಂತದಲ್ಲಿ ಆ ದಾರಿ ಇಬ್ಬರನ್ನು ನುಂಗಿತ್ತು. ಆದರೂ ಗ್ರೀನ್‌ಲ್ಯಾಂಡಿನ ಆ ತುದಿಯ ಬೇಟೆಗಾರರಿಗೆ ಸೋದರಮಾವ ಉಸಾಕಾಕ್ ಹೇಳಿದ್ದೇ ವೇದ. ಬಿಳುಪು ನೋಡಿ ಗಡ್ಡೆಯ ಗಟ್ಟಿತನ ಹೇಳುವ ಮನುಷ್ಯ. ಆ ಬಿಳುಪನ್ನು ನಂಬಬೇಡಿ ಎಂದು ಅವಿಯಾಜಾ ಬಾಯಲ್ಲಿ ಹೇಳಿದರೆ ಯಾರೂ ಕೇಳುತ್ತಿರಲಿಲ್ಲ.

"ಬಾ, ನಾನೇ ಕರ್ಕೊಂಡ್ ಹೋಗ್ತೀನಿ. ನಿನ್ನ ಕ್ಯಾಮೆರಾದ ಕೊಬ್ಬು ಇಳಿಸ್ತೀನಿ" ಎಂದು ಅವನು ನಾಯಿಗಳನ್ನು ಜಾರುಬಂಡಿಗೆ ಕಟ್ಟಿದ.

ದಂಡೆ ದಾಟಿದರೆ ಬಿಳಿಯೋ ಬಿಳಿ. ಗಾಳಿ ಉಜ್ಜಿದ ಕಡೆ ನೀಲಿ ಬೆರೆತ ಬಿಳಿ, ಹಿಮದ ದಿಬ್ಬಗಳ ನೆರಳಿನಲ್ಲಿ ಸೀಲ್ ಕೊಬ್ಬಿನಂಥ ಹಳದಿ ಬಿಳಿ, ನೀರು ಜಿನುಗಿದಲ್ಲಿ ಬೂದಿಬಿಳಿ. ಅವನು ಹೆಸರು ಹೇಳುತ್ತಿದ್ದ, ಅವಳು ಫೋಟೋ ತೆಗೆಯುತ್ತಿದ್ದಳು. ಬೂದಿಬಿಳಿ ಸಿಕ್ಕಲ್ಲೆಲ್ಲ ಬಳಸಿ ಹೋದರು. ಮೂಳೆಯ ಬಣ್ಣದ ಗಟ್ಟಿ ಗಡ್ಡೆಯ ಮೇಲೆ ಕೂತು ಚಹಾ ಕಾಯಿಸಿ ಕುಡಿದರು. ಅದರದ್ದೂ ಒಂದು ಫೋಟೋ ಆಯಿತು.

ಜಲಸಂಧಿಯ ನಡುವೆ ಅದೇ ಮೂಳೆಬಣ್ಣ ಮತ್ತೆ ಸಿಕ್ಕಿತು. ಉಸಾಕಾಕ್ ಬಂಡಿ ನಿಲ್ಲಿಸಿದ. "ಮೂಳೆಬಿಳಿ. ತಿಮಿಂಗಿಲ ಕುಣಿದ್ರೂ ಒಡೆಯಲ್ಲ!"

ಅವಿಯಾಜಾ ಬಂಡಿಯಿಂದಿಳಿದು ಹಿಂದೆ ನಿಂತು ಫೋಟೋ ತೆಗೆದಳು. "ಮಾವ, ಒಂದ್ಸಲ ಕೋಲಲ್ಲಿ ಕುಟ್ಟಿ ನೋಡು."

"ನಮ್ಮಪ್ಪ ಮೂಳೆಬಿಳಿಗೆ ಕೋಲು ಹಾಕ್ದೋನಲ್ಲ. ನಾಯಿಗಳ ಮುಂದೆ ಮರ್ಯಾದೆ ಹೋಗುತ್ತೆ ಕಣೇ."

ಕಬ್ಬಿಣದ ಮೊನೆಯ ಕೋಲು ಬಂಡಿಯಲ್ಲೇ ಉಳಿಯಿತು. ಹಾಳು ಮರ್ಯಾದೆ!

ಅವನು ನಾಯಿಗಳನ್ನು ಮುಂದೆ ಹೊಡೆದ. ಗಡ್ಡೆ ಸದ್ದಿಲ್ಲದೆ ಕುಸಿಯಿತು.

ನಾಯಿಗಳು ಮುಳುಗಿದವು. ಬಂಡಿ ಮುಗ್ಗರಿಸಿತು. ಉಸಾಕಾಕ್ ನೀರಿಗೆ ಬಿದ್ದು ಗಡ್ಡೆಯ ಅಂಚಿಗೆ ಜೋತುಬಿದ್ದ. ನಾಯಿಗಳ ಹಗ್ಗ ಅವನ ಕಾಲಿಗೆ ಸುತ್ತಿಕೊಂಡಿತ್ತು.

ಅವಿಯಾಜಾ ಬೋರಲು ಮಲಗಿ ಕ್ಯಾಮೆರಾದ ಮೂರುಕಾಲಿನ ಸ್ಟ್ಯಾಂಡು ಚಾಚಿದಳು. "ಹಗ್ಗ ಕೊಯ್ಯಿ ಮಾವ!"

"ನನ್ನ ನಾಯಿಗಳು ಕಣೇ!"

"ಕೊಯ್ಯೋ ಮುದುಕಾ!"

ಅವನು ಕೊಯ್ದ. ಸೆಳವು ಬಂಡಿಯನ್ನೂ ನಾಯಿಗಳನ್ನೂ ಗಡ್ಡೆಯ ಅಡಿಗೆ ಎಳೆದುಕೊಂಡಿತು. ಹಗ್ಗ ಹರಿದುಕೊಂಡ ಮೂರು ಮಾತ್ರ ಮೇಲೆ ಬಂದವು.

ಸ್ಟ್ಯಾಂಡು ಹಿಡಿದ ಮಾವನನ್ನು ಅವಿಯಾಜಾ ಮೇಲೆಳೆದಳು. ತನ್ನ ಒಣ ಅಂಗಿ ಅವನಿಗೆ ತೊಡಿಸಿ, ಕೂರಲು ಬಿಡದೆ, ಬೈಯುತ್ತಾ ದಬ್ಬುತ್ತಾ ಊರಿಗೆ ನಡೆಸಿಕೊಂಡು ಬಂದಳು.

ಮರುದಿನ ಊರ ಸಭೆಯಲ್ಲಿ ಎರಡು ಫೋಟೋ ಪಕ್ಕಪಕ್ಕ ಇಟ್ಟಳು. ಒಂದು ಚಹಾ ಕುಡಿದ ಜಾಗ, ಇನ್ನೊಂದು ನಾಯಿಗಳು ಸತ್ತ ಜಾಗ.

ಮಿತೆಕ್ ಕೇಳಿದ: "ನಾಯಿಗಳನ್ನ ಸಾಯಿಸಿದ್ದು ಯಾವ ಗಡ್ಡೆ ಮಾವ?"

ಉಸಾಕಾಕ್ ಬಗ್ಗಿ ನೋಡಿದ. ಇದನ್ನೆತ್ತಿ ನೋಡಿದ, ಅದನ್ನೆತ್ತಿ ನೋಡಿದ. "ನಂಗೆ ಗೊತ್ತಾಗ್ತಿಲ್ಲ."

ಆ ಬಾಯಲ್ಲಿ ಆ ಮಾತನ್ನು ಊರು ಕೇಳಿರಲಿಲ್ಲ. ಶನಿವಾರ ಯಾರೂ ಬಂಡಿ ಕಟ್ಟಲಿಲ್ಲ.

ಮಿತೆಕ್ ಅಕ್ಕನ ಮೇಲೆ ರೇಗಿದ: "ಈ ವಸಂತಕ್ಕೆ ಏನು, ನಿನ್ನ ಫೋಟೋ ತಿನ್ನೋದಾ?"

"ತಿನ್ನೋ. ಬದುಕಿದೀಯಲ್ಲ, ತಿನ್ನು."

ಹೊರಗೆ ಮಾವನ ಉಳಿದ ಮೂರು ನಾಯಿಗಳು ಹಸಿದು ಊಳಿಡುತ್ತಿದ್ದವು. ಅವಿಯಾಜಾ ತನ್ನ ಪಾಲಿನ ಸೀಲ್ ಮಾಂಸ ಎತ್ತಿಕೊಂಡು ಹೋಗಿ ಅವುಗಳ ಮುಂದೆ ಎಸೆದಳು.