ಒಲೆಯ ಪಕ್ಕದ ಹುಂಜ

ಬಹಳ ಹಿಂದೆ, ಬೆಟ್ಟಗಳ ಆಚೆ ಮಂಜುಗಿರಿ ಎಂಬ ರಾಜ್ಯವಿತ್ತು. ಒಂದು ಚಳಿಗಾಲದಲ್ಲಿ ಶೀತಕೇತು ಎಂಬ ಮಾಂತ್ರಿಕ ಅಲ್ಲಿಗೆ ಬಂದ. ಬಂದವನು ತಾನೂ ಹೋಗಲಿಲ್ಲ, ಚಳಿಗಾಲವನ್ನೂ ಹೋಗಗೊಡಲಿಲ್ಲ. ಎದುರು ನಿಂತವರನ್ನು ಉಸಿರು ಊದಿ ಮಂಜುಗಡ್ಡೆ ಮಾಡಿದ. ಅವನ ಮಾಯೆ ಕರಗುವುದು ಹುಂಜದ ಕೂಗಿಗೆ ಮಾತ್ರ. ಅದಕ್ಕೇ ರಾಜ್ಯದ ಹುಂಜಗಳನ್ನೆಲ್ಲ ಹಿಡಿಸಿ ಕೊಲ್ಲಿಸಿದ. ಅಷ್ಟು ದೊಡ್ಡ ಮಾಂತ್ರಿಕನಿಗೆ ಕೋಳಿ ಕಂಡರೆ ಭಯ!

ಕೋಳಿ ಸಾಕುವ ಬೋರಯ್ಯ ತನ್ನ ಹುಂಜಗಳನ್ನು ಬಿಡಿಸಿಕೊಳ್ಳಲು ಹೋಗಿ ಕೋಟೆ ಬಾಗಿಲಲ್ಲೇ ಮಂಜಾಗಿ ನಿಂತ. ಮನೆಯಲ್ಲಿ ಅವನ ಹೆಂಡತಿ ಸಣ್ಣೀರಿ ಉಳಿದಳು, ಕಾವಿಗೆ ಕೂತ ಒಂದು ಹೇಂಟೆಯೂ ಉಳಿಯಿತು. ಹೇಂಟೆ ಮರಿ ಮಾಡಿ ಚಳಿಗೆ ಸತ್ತುಹೋಯಿತು. ಸಣ್ಣೀರಿ ಮರಿಗಳನ್ನು ಸೆರಗಲ್ಲಿ ಕಟ್ಟಿಕೊಂಡು ಅಡುಗೆಮನೆಗೆ ತಂದಳು. ಒಲೆಯ ಪಕ್ಕ ಬುಟ್ಟಿ ಕವುಚಿ, ಬಳಿಯಲ್ಲಿ ಕೆಂಡದ ಮಡಕೆ ಇಟ್ಟು, ನುಚ್ಚು ಹಾಕಿ ಸಾಕಿದಳು. ಒಲೆ ಉರಿಯುವ ಮನೆಯ ಹೊಸ್ತಿಲನ್ನು ಶೀತಕೇತು ದಾಟಲಾರ. ಸೌದೆ ಮುಗಿದಾಗ ಸಣ್ಣೀರಿ ತಾವಿಬ್ಬರೂ ಮಲಗುತ್ತಿದ್ದ ಮಂಚವನ್ನೇ ಒಡೆದು ಉರಿ ಹಾಕಿದಳು.

ಮಧ್ಯಾಹ್ನವಾದರೆ ಕೋಟೆ ಬಾಗಿಲಿಗೆ ಓಡುವಳು. ಗಂಡನ ತಣ್ಣನೆ ಕೆನ್ನೆ ಮುಟ್ಟಿ, "ಇನ್ನೊಂಚೂರು ತಡ್ಕಳಿ, ಮರಿಗೆ ಪುಕ್ಕ ಬರ್ಲಿ" ಎನ್ನುವಳು. ಅಲ್ಲೇ ಕೂತುಬಿಡೋಣ ಎಂದು ಜೀವ ಎಳೆಯುತ್ತಿತ್ತು. ಆದರೆ ಕೆಂಡ ಆರೀತೆಂದು ಓಡಿ ಬರುವಳು.

ಮಾಂತ್ರಿಕನಿಗೆ ಮರಿಗಳ ಸುದ್ದಿ ಮುಟ್ಟಿತು. ಮೊದಲು ಬಳೆಗಾರನ ವೇಷದಲ್ಲಿ ಬಂದು ಹೊಸ್ತಿಲಾಚೆ ನಿಂತ.

"ಮರಿ ಹುಂಜವೋ, ಹೇಂಟೆಯೋ ತಾಯಿ? ಹುಂಜವಿದ್ದರೆ ಕೊಡು, ಕೈತುಂಬ ಬಳೆ ತೊಡಿಸ್ತೀನಿ."

"ಜುಟ್ಟು ಬರೋಗಂಟ ಯಾರಿಗ್ ಗೊತ್ತಾಯ್ತದಣ್ಣ?" ಎಂದಳು ಸಣ್ಣೀರಿ. ಅವನೂ ಇಣುಕಿ ಇಣುಕಿ ನೋಡಿದ. ಎಷ್ಟು ಮಂತ್ರ ಕಲಿತಿದ್ದರೇನು, ಅವನಿಗೂ ಗೊತ್ತಾಗಲಿಲ್ಲ.

ಎರಡನೆಯ ಸಲ ಮಾಯದ ಬಿಸಿಲು ಬಿಟ್ಟ. ಅಂಗಳವೆಲ್ಲ ಹೊಳೆಯಿತು. ಮರಿಗಳು ಹೊರಗೆ ಹೋಗಲು ಗಲಾಟೆ ಎಬ್ಬಿಸಿದವು. ಸಣ್ಣೀರಿ ಒದ್ದೆ ಬಟ್ಟೆಯೊಂದನ್ನು ಬಿಸಿಲಿಗೆ ಹರವಿ ನೋಡಿದಳು. ಬಟ್ಟೆ ಒಣಗುವ ಬದಲು ಹೆಪ್ಪುಗಟ್ಟಿ ಹಲಗೆಯಾಯಿತು. ಅವಳು ಬಾಗಿಲು ಹಾಕಿಕೊಂಡಳು.

ಮೂರನೆಯ ಸಲ ಸಂಜೆ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು.

"ಸಣ್ಣೀ, ನಾನು ಕಣೇ. ಮರಿ ಎತ್ಕೊಂಡು ಹೊರಕ್ ಬಾ."

ಬೋರಯ್ಯನ ದನಿ! ಆ ದನಿಗಾಗಿ ಅವಳು ಎಷ್ಟು ಹಂಬಲಿಸಿದ್ದಳೋ ದೇವರಿಗೇ ಗೊತ್ತು. ಕೈ ತಾನಾಗಿ ಅಗುಳಿಗೆ ಹೋಯಿತು. ಅಲ್ಲೇ ನಿಂತಿತು. ಮನೆಯಲ್ಲಿ ಮರಿಗಳಿದ್ದಾಗ ಸಂಜೆ ಬಾಗಿಲು ತೆರೆದರೆ ಸಾಕು, ಬೋರಯ್ಯ ಹೆಂಡತಿಯನ್ನೂ ಬಿಡದೆ ಬಯ್ಯುತ್ತಿದ್ದ. ಅಂಥವನು ಈ ಚಳಿಗೆ ಮರಿ ತಾ ಎನ್ನುವನೇ?

ಸಣ್ಣೀರಿ ಬಾಗಿಲಿಗೆ ಹಣೆ ಹಚ್ಚಿ ಅತ್ತಳು. "ನೀವೇ ಆಗಿದ್ರೆ ಕೋಟೆ ಬಾಗ್ಲಲ್ಲೇ ಇರಿ, ನಾನೇ ಬತ್ತೀನಿ. ಅಲ್ದಿದ್ರೆ ಹಾಳಾಗ್ ಹೋಗು!"

ಮರಿಗಳಿಗೆ ಪುಕ್ಕ ಬಂತು. ಅವಳು ಕೆಂಡದ ಮಡಕೆಯನ್ನು ದಿನದಿನವೂ ಚೂರು ದೂರ ಸರಿಸಿದಳು, ಬುಟ್ಟಿಯನ್ನು ಬಾಗಿಲ ಕಡೆಗೆ ತಂದಳು. ಒಂದಕ್ಕೆ ಕೆಂಪು ಜುಟ್ಟು ಎದ್ದಿತು. ಚಳಿ ತಡೆಯುವಷ್ಟು ಗಟ್ಟಿಯಾದ ಮೇಲೆ, ಒಂದು ಮುಂಜಾನೆ ಅದನ್ನು ಎತ್ತಿಕೊಂಡು ಕೋಟೆ ಬಾಗಿಲಿಗೆ ಹೋಗಿ ನೆಲಕ್ಕೆ ಬಿಟ್ಟಳು.

ಹುಂಜ ಕತ್ತು ಚಾಚಿ ಕೂಗಿತು. ಮೊದಲ ಕೂಗು ಎಣ್ಣೆ ಕಾಣದ ಗಾಡಿಯ ಗಾಲಿಯ ಹಾಗಿತ್ತು. ಶೀತಕೇತು ಕೋಟೆಯ ಮೇಲೆ ನಿಂತು ಬಿದ್ದು ಬಿದ್ದು ನಕ್ಕ. ಎರಡನೆಯ ಕೂಗಿಗೆ ಅವನ ನಗು ನಿಂತಿತು. ಮೂರನೆಯದಕ್ಕೆ ಅವನೇ ನೀರಾಗಿ ಚರಂಡಿಯಲ್ಲಿ ಹರಿದುಹೋದ.

ಮಂಜಾಗಿ ನಿಂತವರೆಲ್ಲ ಎಚ್ಚೆತ್ತು ಮೈ ಮುರಿದರು. ಬೋರಯ್ಯ ಕಣ್ಣುಜ್ಜಿಕೊಂಡು ಕೇಳಿದ: "ತುಂಬಾ ಹೊತ್ತಾಯ್ತೇನೇ?"

ಸಣ್ಣೀರಿ ಅವನ ಹೆಗಲ ಮೇಲಿನ ನೀರನ್ನು ಸೆರಗಿನಿಂದ ಒರೆಸಿದಳು.

"ಇಲ್ಲ, ಈಗ್ ತಾನೆ ಹೋಗಿದ್ರಲ್ಲ. ಬನ್ನಿ, ಮುದ್ದೆ ಆರೋಯ್ತದೆ."

ಬೋರಯ್ಯ ಅವಳ ತಲೆಯಲ್ಲಿ ಹೊಸದಾಗಿ ಬೆಳ್ಳಗಾದ ಕೂದಲನ್ನು ನೋಡಿದ. ಅವಳ ಕೈ ಹಿಡಿದುಕೊಂಡು ಮನೆಯವರೆಗೂ ಬಿಡದೆ ನಡೆದ.

ಆಮೇಲೆ ಮಂಜುಗಿರಿಯಲ್ಲಿ ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಹುಂಜಗಳು ನಡುಮಧ್ಯಾಹ್ನ ಕೂಗಿದರೂ ಅಲ್ಲಿ ಯಾರೂ ಗದರಲಿಲ್ಲ.