ತಾನೇ ಬಿದ್ದ ಗೇರು

ಒಂದೇ ಚಮಚ ಪೆಟ್ರೋಲಿನಲ್ಲಿ ಬೀದರದಿಂದ ಭಾಲ್ಕಿಗೆ ಕಾರು ಒಯ್ದವ ಇಡೀ ನಿಜಾಮನ ರಾಜ್ಯದಾಗ ನಾನೊಬ್ಬನೇ. ಪೊಲೀಸ್ ಆ್ಯಕ್ಷನ್ನಿನ ವರ್ಷ, ಪೆಟ್ರೋಲು ತುಪ್ಪಕ್ಕಿಂತ ತುಟ್ಟಿ. ನಮ್ಮ ಸಾಹುಕಾರರ ಅಮೇರಿಕಾದ ಕಾರಿಗೆ ಸ್ಟೇರಿಂಗು ಎಡಕ್ಕೆ, ಕ್ಲಚ್ಚೇ ಇರಲಿಲ್ಲ; ಕೈಯಿಂದ ಎಳೆದರೆ ಸಾಕು, ಗೇರು ಬೀಳುತ್ತಿತ್ತು. ಇಳಿಜಾರು ಬಂದೊಡನೆ ನ್ಯೂಟ್ರಲ್ಲಿಗೆ ತಳ್ಳಿಬಿಟ್ಟೆ. ಕಾರು ಹುಚ್ಚು ಕುದುರೆಯಾಯಿತು, ಬ್ರೇಕು ಸುಟ್ಟು ನಾರಿತು. ಆ ಸುಡುಬಿಸಿಲಲ್ಲೂ ನನ್ನ ಬಲಭುಜ ಬಾವಿನೀರಿನಂತೆ ತಣ್ಣಗಾಯಿತು. ಬಳೆಗಳ ಸದ್ದಾಯಿತು, ಗೇರು ಟಕ್ಕೆಂದು ಕೆಳಗೆ ಬಿತ್ತು. ಎಂಜಿನ್ ಗುರುಗುಟ್ಟಿ ಕಾರನ್ನು ಹಿಡಿದುಕೊಂಡಿತು.

ಭಾಲ್ಕಿಯಲ್ಲಿ ಮೀಸೆ ತಿರುವಿದೆ: "ಗೇರು ನಾನೇ ಎಳೆದೆ."

ಹಿಂದೆ ಕೂತಿದ್ದ ಸಾಹುಕಾರರ ಹೆಂಡತಿ ರುಕ್ಮಿಣಿಬಾಯಿ ನಕ್ಕರು. "ಸುಳ್ಳ್ ಯಾಕ ಹೇಳ್ತಿ, ಬಸವಣ್ಣೆಪ್ಪಾ? ನೀ ಎರಡೂ ಕೈಲೆ ಕಣ್ಣ ಮುಚ್ಕೊಂಡಿದ್ದಿ."

"ಖರೇ ಅದರಿ ಅವ್ವಾರ, ಅಂಜಿದ್ದೆ. ಬಳಿ ಸಪ್ಪಳ ಕೇಳಿ, ನೀವೇ ಎಳೆದ್ರಿ ಅನ್ಕೊಂಡೆ."

"ನಾ ಅಲ್ಲಪ್ಪ. ನಿನ್ನ ಬಾಜೂಕ ಕುಂತಾಕಿ ಎಳೆದಳಲ್ಲ?"

ಬೀದರ ಬಿಟ್ಟಾಗಿನಿಂದ ಬಾಜೂ ಸೀಟು ಖಾಲಿಯೇ ಇತ್ತು.