ಇಂಬ್ರೋಸಿನ ಹಳೆಯ ಫೋಟೋ

ನನ್ನ ಪಾಸ್‌ಪೋರ್ಟ್ ಓಡುತ್ತಿತ್ತು!

ಇನ್ನೊಬ್ಬನ ಕೈಯಲ್ಲಿ... ಇಳಿಜಾರಿನ ಕಲ್ಲುಹಾಸಿನ ಓಣಿಯಲ್ಲಿ... ನನಗಿಂತ ಮೂವತ್ತು ವರ್ಷ ಚಿಕ್ಕವನ ಕಾಲುಗಳ ಬಲದಿಂದ!

ನನಗೆ ಐವತ್ತಾರು. ಮಂಡಿಯಲ್ಲಿ ವಾತ. ಆದರೂ ಓಡಿದೆ.

ಕೇಳಿ ಸ್ವಾಮೀ, ಕುವೈತಿನಲ್ಲಿ ದುಡಿಯುವವನಿಗೆ ಪಾಸ್‌ಪೋರ್ಟ್ ಎರಡನೆಯ ಪ್ರಾಣ. ಅದು ಹೋದರೆ ಮೊದಲನೆಯದಿದ್ದೂ ಪ್ರಯೋಜನವಿಲ್ಲ.

ಓಣಿಯ ತಿರುವಿನಲ್ಲಿ ಆಡುಗಳ ಹಿಂಡು ಅಡ್ಡ ಬಂತು. ಅವನು ತಡವರಿಸಿದ. ಕಾಪುವಿನ ಕಡಲಲ್ಲಿ ಬಲೆ ಎಳೆದ ನನ್ನ ಕೈ ಅವನ ಕೊರಳಪಟ್ಟಿಯ ಮೇಲೆ ಬಿತ್ತು.

ಚಾಕು ತೆಗೆದ.

ಮಣಿಕಟ್ಟು ತಿರುಚಿದೆ. ಚಾಕು ಕಲ್ಲಿನ ಮೇಲೆ ಉರುಳಿತು.

"ಯಾರು ಕಳಿಸಿದ್ದು?" ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಬಾಯಿ ಬಿಡಲಿಲ್ಲ. ಅವನ ಜೇಬಿನಿಂದ ಜಾರಿದ ಫೋನು ಬಿಟ್ಟಿತು!

ತೆರೆಯ ಮೇಲೆ ನನ್ನದೇ ಚಿತ್ರ. ಕುವೈತಿನ ರಿಗ್ಗೈಯಲ್ಲಿರುವ ಒಂದು ಫ್ಲಾಟು. ಊಟದ ಮೇಜು. ಬಾಯಿ ತುಂಬ ಪತ್ರೊಡೆ. ಹಿಂದಿನ ಶುಕ್ರವಾರ ತೆಗೆದದ್ದು. ತೆಗೆದವನು ಗೆಳೆಯ ಸುಕೇಶ್. ಆ ಚಿತ್ರ ಅವನ ಫೋನಿನಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ನನ್ನ ಹಿಡಿತ ಸಡಿಲಾಯಿತು. ಫೋನು ಕಸಿದುಕೊಂಡು ಕಳ್ಳ ಓಡಿದ. ಪಾಸ್‌ಪೋರ್ಟ್ ನನ್ನ ಬಳಿ ಉಳಿಯಿತು. ಇಪ್ಪತ್ತು ವರ್ಷದ ಸ್ನೇಹ ಅವನ ಹಿಂದೆಯೇ ಹೋಯಿತು.

ಶತ್ರುವಿನ ಬಾಣಕ್ಕೆ ಕವಚವುಂಟು. ಮಿತ್ರನ ಬಾಣ ಕವಚದ ಒಳಗಿನಿಂದಲೇ ಹೊರಡುತ್ತದೆ.

ನನ್ನ ಹೆಸರು ಕೊರಗಪ್ಪ. ಕುವೈತ್ ಸಿಟಿಯಲ್ಲಿ ಆಫೀಸಿರುವ ಒಂದು ಗೋದಾಮು ಕಂಪೆನಿಯ ಮಂದೂಬ್. ಅಂದರೆ ಸರಕಾರಿ ಕಚೇರಿಗಳಲ್ಲಿ ಕಂಪೆನಿಯ ಕಾಗದ ಓಡಿಸುವವನು. ಇಕಾಮಾ ಎಂಬ ವಾಸದ ಪರವಾನಗಿ, ಲೈಸೆನ್ಸು, ದೇಶ ಬಿಡುವ ಪರ್ಮಿಟ್, ಎಲ್ಲಕ್ಕೂ ನಾನೇ. ಸುಕೇಶ್ ಅಲ್ಲಿನ ಮ್ಯಾನೇಜರ್. ಅವನನ್ನು ಊರಿನಿಂದ ಕರೆಸಿ, ಆ ಕುರ್ಚಿಯ ತನಕ ಮುಟ್ಟಿಸಿದವನೂ ನಾನೇ.

ಶ್ರವಣ್ ನನ್ನ ತಂಗಿಯ ಮಗ. ನಮ್ಮದು ಅಳಿಯಕಟ್ಟು, ನನ್ನ ನಂತರ ಮನೆಗೆ ಅವನೇ ಯಜಮಾನ. ಗೋದಾಮಿನಲ್ಲಿ ಅವನು ಓಡಿಸುತ್ತಿದ್ದ ಫೋರ್ಕ್‌ಲಿಫ್ಟು ಬ್ರೇಕ್ ಹಿಡಿಯದೆ ಒಬ್ಬ ನೇಪಾಳಿ ಕೂಲಿಯನ್ನು ಗೋಡೆಗೆ ಒತ್ತಿ ಕೊಂದಿತ್ತು. ಶ್ರವಣ್ ಜೈಲಿನಲ್ಲಿದ್ದ. ಬ್ರೇಕು ಕೆಟ್ಟಿರುವುದು ಕಂಪೆನಿಗೆ ಮೊದಲೇ ತಿಳಿದಿತ್ತೆಂದು ಸಾಕ್ಷಿ ಹೇಳಬಲ್ಲವನು ಒಬ್ಬನೇ. ಉಳ್ಳಾಲದ ಫೋರ್‌ಮನ್ ಅಫ್ಸಲ್. ಅವನು ಮಾಯವಾಗಿದ್ದ!

ಮುಂದಿನ ಭಾನುವಾರ ಕೋರ್ಟು. ಕುವೈತಿನಲ್ಲಿ ವಾರದ ರಜೆ ಶುಕ್ರವಾರ.

ಆ ಶುಕ್ರವಾರ, ಪತ್ರೊಡೆ ಬಡಿಸುತ್ತ ಸುಕೇಶ್ ಒಂದು ಫೋಟೋ ತೋರಿಸಿದ. ನೀಲಿ ಬಾಗಿಲಿನ ಕಲ್ಲುಮನೆ, ಪಕ್ಕದಲ್ಲೊಂದು ಹಿಪ್ಪುನೇರಳೆ ಮರ, ಅದರ ಕೆಳಗೆ ಅಫ್ಸಲ್.

"ಸಿಕ್ಕಿದ ಅಣ್ಣಾ! ಟರ್ಕಿಯ ಒಂದು ದ್ವೀಪ. ಹಳೇ ಗ್ರೀಕರ ಊರಂತೆ. ಮೊನ್ನೆ ತೆಗೆದ ಫೋಟೋ."

"ಅವನ ಪರ್ಮಿಟ್ ನಾನು ಮಾಡಿಸಿಲ್ಲವಲ್ಲ ಮಾರಾಯಾ?"

"ನಾನೇ ಅಪ್ರೂವ್ ಮಾಡಿದ್ದು. ಅಮ್ಮ ಸೀರಿಯಸ್ ಅಂತ ಕಣ್ಣೀರು ಹಾಕಿದ. ನನಗೆಂತ ಗೊತ್ತು ಹೀಗೆ ಓಡ್ತಾನೆ ಅಂತ? ನೀವು ಹೋಗಿ ಅಣ್ಣಾ. ನಿಮ್ಮ ಮಾತು ತೆಗ್ದುಹಾಕ್ಲಿಕ್ಕಿಲ್ಲ."

ಕಾಗದ ನೋಡದೆ ಯಾರನ್ನೂ ನಂಬದಿರುವುದು ನನ್ನ ಕಸುಬು. ಅಂದು ಮಾತ್ರ ಕಾಗದ ನೋಡಲಿಲ್ಲ. ಹೇಳಿದವನು ಸುಕೇಶನಲ್ಲವೇ!

ಹಾಗೆ ಬಂದದ್ದು ಗೋಕ್ಚೆಆದಾ ದ್ವೀಪಕ್ಕೆ. ಅಲ್ಲಿ ಉಳಿದಿರುವ ಗ್ರೀಕರು ಇಂದಿಗೂ ಅದನ್ನು ಇಂಬ್ರೋಸ್ ಎಂದೇ ಕರೆಯುತ್ತಾರೆ. ಗುಡ್ಡದ ಮೇಲೊಂದು ಹಳ್ಳಿ. ಅರ್ಧ ಮನೆಗಳಿಗೆ ಸೂರಿಲ್ಲ. ಇಗರ್ಜಿಯ ಗಂಟೆ ಮಾತ್ರ ಸರಿಯಾದ ಹೊತ್ತಿಗೆ ಹೊಡೆಯುತ್ತದೆ.

ಕಳ್ಳ ಓಡಿದ ಮೇಲೆ ಫೋಟೋದ ಮನೆಯನ್ನು ಹುಡುಕಿ ಹಿಡಿದೆ. ಬಾಗಿಲಿನ ನೀಲಿ ಅದೇ. ಮರ ಮಾತ್ರ ಇಲ್ಲ. ಎಲೆನಿ ಎಂಬ ಮುದುಕಿ ಬಾಗಿಲು ತೆರೆದಳು. ನಲವತ್ತು ವರ್ಷ ಮೆಲ್ಬರ್ನಿನಲ್ಲಿದ್ದು ಹುಟ್ಟಿದ ಮನೆಗೆ ಮರಳಿದವಳು, ಇಂಗ್ಲಿಷ್ ಸಲೀಸು. ಫೋಟೋ ನೋಡಿ ನಕ್ಕಳು.

"ಈ ಮರ ಗಾಳಿಗೆ ಬಿದ್ದು ಎರಡು ವರ್ಷ ದಾಟಿತಲ್ಲ!"

ಹಾಗಾದರೆ ಫೋಟೋ ಮೊನ್ನೆಯದಲ್ಲ. ಮೂರು ವರ್ಷದ ಹಿಂದೆ ಈದ್ ರಜೆಗೆ ಸುಕೇಶ್, ಅಫ್ಸಲ್ ಮತ್ತಿಬ್ಬರು ಟರ್ಕಿ ಟೂರ್ ಬಂದಿದ್ದರು. ಟಿಕೆಟ್ ಮಾಡಿಸಿದವನು ಯಾರು? ನಾನೇ!

ಮುದುಕಿ ನನ್ನ ಮುಖ ನೋಡಿ ಕಾಫಿ ತಂದಿಟ್ಟಳು.

"ಮೋಸ ಮಾಡಿದ್ದು ನಂಬಿದವನೋ?"

"ನಂಬಿದವನೇ."

"ನಾವು ಹೊರಟಾಗ ಮನೆಯ ಕೀಲಿ ಕೊಟ್ಟದ್ದೂ ನಂಬಿದವನಿಗೇ. ಅಪರಿಚಿತನಾದರೆ ಪಾಪ, ಬೀಗ ಒಡೆಯುವ ಕಷ್ಟ ಪಡಬೇಕು."

ಅಲ್ಲೇ ಕುಳಿತು ಕಂಪೆನಿಯ ಪರ್ಮಿಟ್ ಪಟ್ಟಿಯನ್ನು ಫೋನಿನಲ್ಲಿ ತೆರೆದೆ. ಎರಡು ನಿಮಿಷದ ಕೆಲಸ. ಅಫ್ಸಲ್‌ನ ಹೆಸರಿಲ್ಲ!

ಅವನು ಕುವೈತ್ ಬಿಟ್ಟೇ ಇರಲಿಲ್ಲ. ಬಿಟ್ಟವನು ನಾನು.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಕುವೈತಿನ ಮೈದಾನ್ ಹವಲ್ಲಿ. ಅಫ್ಸಲ್‌ನ ಹೆಂಡತಿಯ ಅಣ್ಣ ಬಾವಾಕುಂಞಿಯ ಕಿರಾಣಿ ಅಂಗಡಿ.

"ಅಫ್ಸಲ್ ಇಲ್ಲ ಕೊರಗಣ್ಣ. ಅವತ್ತೇ ಹೇಳಿದೆ ಅಲ್ವಾ?"

"ಹಾಗಾದರೆ ಆ ಪರೋಟ ಯಾರಿಗೆ ಕಟ್ಟುತ್ತಿದ್ದೀರಿ ಬ್ಯಾರಿ? ನಿಮಗೆ ಶುಗರ್."

ಅವನ ಕೈ ನಿಂತಿತು. ನಾನು ಮೆಟ್ಟಿಲು ಹತ್ತಿದೆ.

ಅಫ್ಸಲ್ ನನ್ನನ್ನು ಕಂಡವನೇ ಗೋಡೆಗಂಟಿದ.

"ಕೊಲ್ಬೇಡಿ ಕೊರಗಣ್ಣ! ನನಗೆ ಎರಡು ಹೆಣ್ಮಕ್ಳು ಉಂಟು!"

"ಕೊಲ್ಲುತ್ತೇನೆಂದು ಯಾರು ಹೇಳಿದ್ದು?"

"ಸುಕೇಶಣ್ಣ. ಶ್ರವಣನಿಗೆ ಗಾಡಿ ತೆಗಿ ಅಂದದ್ದು ನಾನಲ್ವಾ... ನೀವು ಕತ್ತಿ ಹಿಡ್ಕೊಂಡು ಹುಡುಕ್ತಿದ್ದೀರಿ, ಕೋರ್ಟ್ ಮುಗಿಯುವವರೆಗೆ ಅಡಗು ಅಂತ..."

"ನಿನಗೆ ತೆಗಿ ಅಂದದ್ದು ಯಾರು?"

ಅವನು ಫೋನ್ ಚಾಚಿದ. ಬ್ರೇಕ್ ಸರಿಯಿಲ್ಲವೆಂದು ಮೂರು ಸಲ ಬರೆದಿದ್ದ. ಸುಕೇಶನ ಉತ್ತರ ಒಂದೇ ಸಲ: "ಯಲ್ಲಾ, ಓಡಿಸು. ಬ್ರೇಕ್ ಮುಂದಿನ ತಿಂಗಳು ನೋಡುವ. ಖಲಾಸ್."

"ಚಪ್ಪಲಿ ಹಾಕು. ಹೋಗುವ."

ನಾಲ್ಕನೆಯ ರಿಂಗ್ ರೋಡ್. ಕನ್ನಡಿಯಲ್ಲಿ ಒಂದು ಬಿಳಿ ಜಿಎಂಸಿ ಕಾರು. ನಾನು ಲೇನ್ ಬದಲಿಸಿದರೆ ಅದೂ ಬದಲಿಸುತ್ತಿತ್ತು. ಫೋನ್ ಬಡಿದುಕೊಂಡಿತು. ಸುಕೇಶ್.

"ಅಣ್ಣಾ, ಗಾಡಿ ಸೈಡಿಗೆ ಹಾಕಿ. ಬಾವಾಕುಂಞಿ ಎಲ್ಲ ಹೇಳಿದ."

"ಹಿಂದಿರುವವರು ನಿನ್ನ ಜನವೇ?"

"ನಿಮಗೆ ಪೆಟ್ಟಾಗುದು ಬೇಡ ಅಂತ ಅಣ್ಣಾ... ಯಾರನ್ನು ಬಚಾವ್ ಮಾಡ್ಲಿಕ್ಕೆ ಹೋಗ್ತಿದ್ದೀರಿ? ಶ್ರವಣನನ್ನಾ?" ನಕ್ಕ. "ಫೋರ್ಕ್‌ಲಿಫ್ಟಿನ ಫಿಟ್‌ನೆಸ್ ಕಾಗದ ಸುಳ್ಳು ಮಾಡಿದ್ದು ಮಾಮ, ಈಗ ಟರ್ಕಿಗೆ ಓಡಿದ್ದಾನೆ, ಅಂತ ಅವನೇ ಸ್ಟೇಟ್‌ಮೆಂಟ್ ಕೊಟ್ಟಾಯ್ತು. ಐಡಿಯಾ ನನ್ನದು, ಒಪ್ತೇನೆ. ಸೈನ್ ಯಾರದ್ದು? ನಿಮ್ಮ ಅಳಿಯಂದು!"

ಸಿಗ್ನಲ್ ಕೆಂಪಾಯಿತು. ಗಾಡಿ ನಿಂತಿತು.

ಸುಕೇಶ್ ಅನ್ನ ತಿಂದ ಮನೆಗೆ ಎರಡು ಬಗೆದ. ಅದನ್ನು ಸಹಿಸಬಹುದು... ಶ್ರವಣ್? ಅಕ್ಷರ ತಿದ್ದಿಸಲು ಅವನ ಬೆರಳು ಹಿಡಿದದ್ದು ನಾನು, ಸ್ವಾಮೀ!

ಪಕ್ಕದಲ್ಲಿ ಅಫ್ಸಲ್ ಗೊಣಗಿದ: "ಸತ್ತವನ ಹೆಂಡತಿ ದಿನಾ ನನಗೆ ಫೋನ್ ಮಾಡ್ತಾಳೆ ಕೊರಗಣ್ಣ. ಎಂತಾಯ್ತು ಅಂತ ಹೇಳು ಅಂತ. ಅಷ್ಟೇ ಕೇಳುದು."

ಜಿಎಂಸಿಯ ಬಾಗಿಲುಗಳು ತೆರೆದವು. ಇಬ್ಬರು ಇಳಿದರು. ಹತ್ತು ಹೆಜ್ಜೆ... ಐದು...

ಹಸಿರು!

ಹೋದೆ. ಇಳಿದವರು ಓಡಿ ಮತ್ತೆ ಹತ್ತುವಷ್ಟರಲ್ಲಿ ಹಿಂದಿನ ಬಸ್ಸಿನವನು ಅವರಿಗೆ ಅರಬ್ಬಿಯಲ್ಲಿ ಸಹಸ್ರನಾಮ ಪ್ರಾರಂಭಿಸಿದ್ದ.

ಒಂಬತ್ತಕ್ಕೆ ಐದು ನಿಮಿಷ ಇರುವಾಗ ನಾನು ಕೋರ್ಟಿನ ಒಳಗಿದ್ದೆ. ಟರ್ಕಿಗೆ ಓಡಿಹೋದವನು ಎದುರಿಗೇ ನಿಂತದ್ದನ್ನು ಕಂಡು ಕಂಪೆನಿಯ ವಕೀಲ ಕನ್ನಡಕ ಒರೆಸಿಕೊಂಡ. ಅಫ್ಸಲ್ ಎಲ್ಲವನ್ನೂ ಹೇಳಿದ. ಫೋನ್ ಕೊಟ್ಟ. ಸಂಜೆಯೊಳಗೆ ಸುಕೇಶನ ಕೈಗೆ ಕೋಳ.

ಎರಡು ವಾರದಲ್ಲಿ ಶ್ರವಣ್ ಹೊರಬಂದ. ಕಾಲಿಗೆ ಬೀಳಲು ಬಗ್ಗಿದ. ನಾನು ಹಿಂದಕ್ಕೆ ಸರಿದೆ.

"ಮಾಮ... ನೀವು ಹೇಗೂ ಹೊರಗೆ ಸೇಫ್ ಅಲ್ವಾ ಅಂತ... ಸುಕೇಶಣ್ಣ ಹೇಳಿದ್ರು, ನಿಮಗೆ ಏನೂ ಆಗುದಿಲ್ಲ ಅಂತ..."

"ಕಾರಿನಲ್ಲಿ ಕೂತುಕೋ."

ರೂಮಿಗೆ ತಲುಪುವಷ್ಟರಲ್ಲಿ ಊರಿನಿಂದ ತಂಗಿ ಆಶಾಲತಾಳ ಫೋನ್. ಅಳು, ನಗು, ಎರಡೂ.

"ಅಣ್ಣಾ, ನನ್ನ ಮಗನನ್ನು ಉಳಿಸಿ ಕೊಟ್ಟೆ! ಅವನಿಗೆ ನೀನೆಂದರೆ ದೇವರು. ನಾಳೆ ನಿನ್ನ ಬೊಜ್ಜ, ಉತ್ತರಕ್ರಿಯೆ ಎಲ್ಲ ಮಾಡಬೇಕಾದವನೂ ಅವನೇ ಅಲ್ಲವಾ!"

ಶ್ರವಣ್ ತಲೆ ತಗ್ಗಿಸಿ ಕುಳಿತಿದ್ದ.

"ಹೌದು ತಂಗೀ," ಎಂದೆ, "ಸ್ವಲ್ಪ ಮೊದಲೇ ಶುರುಮಾಡಿದ್ದ."